ಔಷಧಿ ಅದೇ, ಡೋಸ್ ಅದೇ. ರೋಗ ಮಾತ್ರ ಯಾಕೆ ನಿಲ್ತಿಲ್ಲ? ಉತ್ತರ ಇರೋದು ಪ್ರೋಟೀನಿನ ಆಕಾರದಲ್ಲಿ

ಅಜ್ಜಂಪುರ, ಕಡೂರು ಕಡೆ ಮಳೆಗಾಲದ ಈರುಳ್ಳಿ ಗಡ್ಡೆ ಕಟ್ಟೋ ಹೊತ್ತಿಗೆ ಎಲ್ಲಾ ಹೊಲದಲ್ಲೂ ಒಂದೇ ಮಾತು: "ಮೂರು ಸಲ ಹೊಡೆದ್ವಿ, ಮಚ್ಚೆ ನಿಲ್ತಿಲ್ಲ." ತರೀಕೆರೆಯ ಮಲೆನಾಡಿನ ಅಂಚಿನ ಅಡಿಕೆ ತೋಟಗಳಲ್ಲಿ ಮಳೆ ಹಿಡಿದರೆ ಇದೇ ಮಾತು ಕೊಳೆರೋಗದ ಬಗ್ಗೆ ಬರುತ್ತೆ. ಔಷಧಿ ಡೂಪ್ಲಿಕೇಟ್ ಇರಬೇಕು ಅಂತ ಒಬ್ಬರು, ಡೋಸ್ ಜಾಸ್ತಿ ಮಾಡಬೇಕು ಅಂತ ಇನ್ನೊಬ್ಬರು, ಇದಕ್ಕಿಂತ ದುಬಾರಿದು ತಗೊಳ್ಳಿ ಅಂತ ಅಂಗಡಿಯವರು.

ಇವೆಲ್ಲ ಕೆಲವು ಸಲ ನಿಜ ಇರಬಹುದು. ಆದರೆ ಬಹಳ ಸಲ ಕಾರಣ ಬೇರೆಯೇ ಇರುತ್ತೆ. ಆ ಕಾರಣ ಕಣ್ಣಿಗೆ ಕಾಣೋದಲ್ಲ. ರೋಗ ತರೋ ಶಿಲೀಂಧ್ರದ ಒಳಗಿರೋ ಒಂದು ಪ್ರೋಟೀನಿನಲ್ಲಿ ನಾಲ್ಕಾರು ಪರಮಾಣುಗಳ ಬದಲಾವಣೆ, ಅಷ್ಟೇ. ಇದನ್ನ ಒಮ್ಮೆ ಅರ್ಥ ಮಾಡಿಕೊಂಡರೆ ಯಾವ ಔಷಧಿ ಯಾವಾಗ ದುಡ್ಡು ದಂಡ, ಯಾವುದು ಕೆಲಸ ಮಾಡುತ್ತೆ ಅನ್ನೋದನ್ನ ನೀವೇ ಲೇಬಲ್ ನೋಡಿ ಹೇಳಬಹುದು. ಈ ವಾರ ಅದೇ ವಿಷಯ.

ಪ್ರೋಟೀನ್ ಅಂದರೆ ಬೇಳೆ, ಮೊಟ್ಟೆ ಮಾತ್ರ ಅಲ್ಲ

ಪ್ರೋಟೀನ್ ಅಂದ ತಕ್ಷಣ ನಮಗೆ ನೆನಪಾಗೋದು ಊಟದ ಪ್ರೋಟೀನ್. ಆದರೆ ಜೀವ ಇರೋ ಪ್ರತಿಯೊಂದು ಕಣದಲ್ಲೂ, ಅದು ನಮ್ಮದಿರಲಿ, ಅಡಿಕೆ ಮರದ್ದಿರಲಿ, ಬೂಷ್ಟಿನದ್ದಿರಲಿ, ಬಹುಪಾಲು ಕೆಲಸ ಮಾಡೋದು ಪ್ರೋಟೀನುಗಳೇ. ಉಸಿರಾಟದಿಂದ ಶಕ್ತಿ ತೆಗೆಯೋದು, ಕಣ ಎರಡಾಗೋದು, ಗೋಡೆ ಕಟ್ಟೋದು, ಎಲ್ಲದಕ್ಕೂ ಬೇರೆ ಬೇರೆ ಪ್ರೋಟೀನ್ ಇದೆ. ಇವು ಕಣದ ಒಳಗಿನ ಪುಟ್ಟ ಯಂತ್ರಗಳು.

20 ಬಗೆಯ ಅಮೈನೋ ಆಮ್ಲಗಳನ್ನ ಮಣಿ ಪೋಣಿಸಿದ ಹಾಗೆ ಸಾಲಾಗಿ ಪೋಣಿಸಿದರೆ ಒಂದು ಪ್ರೋಟೀನ್. ಆದರೆ ಅದು ಸರದ ಹಾಗೆ ಉದ್ದಕ್ಕೆ ಬಿದ್ದಿರೋದಿಲ್ಲ. ತಾನೇ ತಾನಾಗಿ ಸುತ್ತಿ, ಮಡಚಿ, ಒಂದು ಖಚಿತ ಆಕಾರಕ್ಕೆ ಬರುತ್ತೆ. ಆ ಆಕಾರದಲ್ಲಿ ಸಂದುಗಳು, ಗುಳಿಗಳು ಇರುತ್ತವೆ. ಕೆಲಸ ನಡೆಯೋದು ಹೆಚ್ಚಾಗಿ ಆ ಗುಳಿಗಳಲ್ಲೇ. ಆಕಾರ ಕೆಟ್ಟರೆ ಕೆಲಸ ಕೆಟ್ಟಿತು. ಪವರ್ ಟಿಲ್ಲರ್ ಬಿಚ್ಚಿ ಗೊತ್ತಿದ್ದವರಿಗೆ ಇದು ಬೇಗ ಅರ್ಥ ಆಗುತ್ತೆ: 12ರ ಸ್ಪ್ಯಾನರ್ 14ರ ನಟ್ಟಿಗೆ ಕೂರೋದಿಲ್ಲ.

ಈ ಆಕಾರ ಕಂಡುಹಿಡಿಯೋ ವಿಜ್ಞಾನದಲ್ಲಿ ಬೆಂಗಳೂರಿನ ಹೆಸರು ದೊಡ್ಡದು. ಪ್ರೋಟೀನಿನ ಸರ ಯಾವ ಯಾವ ಕೋನದಲ್ಲಿ ಮಾತ್ರ ಬಾಗಬಹುದು ಅನ್ನೋದನ್ನ 1963ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರರು. ಆಗ ಅವರು ಮದರಾಸಿನಲ್ಲಿದ್ದರು. ಆ ನಕ್ಷೆಯನ್ನ ಇವತ್ತಿಗೂ ಜಗತ್ತೆಲ್ಲ 'ರಾಮಚಂದ್ರನ್ ಪ್ಲಾಟ್' ಅಂತಲೇ ಕರೆಯುತ್ತೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನೋ ಜಾಗಕ್ಕೆ ಬಂದು, ಇದೇ ಕೆಲಸಕ್ಕೆ ಅಂತ ಒಂದು ವಿಭಾಗ ಕಟ್ಟಿದರು. ಅದೇ ವಿಭಾಗದಲ್ಲಿ ಎಂ. ವಿಜಯನ್ ಅವರ ತಂಡ 1994ರಲ್ಲಿ ಕಡಲೆಕಾಯಿಯ ಒಂದು ಪ್ರೋಟೀನು, 1996ರಲ್ಲಿ ಹಲಸಿನ ಬೀಜದ 'ಜಾಕಲಿನ್' ಅನ್ನೋ ಪ್ರೋಟೀನಿನ ಆಕಾರ ಬಿಡಿಸಿತು. ಇವೆರಡೂ ಕಣಗಳ ಮೇಲಿನ ಒಂದು ಬಗೆಯ ಸಕ್ಕರೆ ಗುರುತನ್ನ ಹಿಡಿದುಕೊಳ್ಳುತ್ತವೆ. ಕ್ಯಾನ್ಸರ್ ಕಣಗಳ ಮೇಲೆ ಆ ಗುರುತು ಎದ್ದು ಕಾಣೋದರಿಂದ ಈ ಪ್ರೋಟೀನುಗಳು ಕ್ಯಾನ್ಸರ್ ಸಂಶೋಧನೆಯಲ್ಲಿ ಬಳಕೆಯಲ್ಲಿವೆ. ನಮ್ಮ ಹಿತ್ತಲ ಹಲಸಿನ ಬೀಜದಲ್ಲಿ ಅಂಥದ್ದೊಂದು ಇದೆ.

ಮನುಷ್ಯರ ರೋಗ ಅರ್ಥ ಮಾಡಿಕೊಳ್ಳೋಕೆ ಈ ವಿಜ್ಞಾನ ಹೇಗೆ ಬೇಕೋ, ಬೆಳೆಯ ರೋಗಕ್ಕೂ ಹಾಗೇ ಬೇಕು.

ಔಷಧಿ ಒಂದು ಕೀಲಿ, ಪ್ರೋಟೀನು ಬೀಗ

ಒಳಗೆ ಇಳಿದು ಕೆಲಸ ಮಾಡುವ, ಅಂಗಡಿಯವರು 'ಸಿಸ್ಟಮಿಕ್' ಅಂತ ಕೊಡೋ ಬಹುತೇಕ ಶಿಲೀಂಧ್ರನಾಶಕಗಳು ಶಿಲೀಂಧ್ರದ ಯಾವುದೋ ಒಂದೇ ಒಂದು ಪ್ರೋಟೀನಿನ ಗುಳಿಯೊಳಗೆ ಹೋಗಿ ಕೂರುತ್ತವೆ. ಯಂತ್ರ ಜಾಮ್ ಆಗುತ್ತೆ, ಶಿಲೀಂಧ್ರ ಸಾಯುತ್ತೆ ಅಥವಾ ಬೆಳೆಯೋದು ನಿಲ್ಲುತ್ತೆ. ಮೂರು ಉದಾಹರಣೆ:

ಕಾರ್ಬೆಂಡಜಿಮ್ (ನಾವು ಬಾವಿಸ್ಟಿನ್ ಅನ್ನೋದು): ಶಿಲೀಂಧ್ರದ ಕಣ ಎರಡಾಗುವಾಗ ಒಳಗೆ ಹಗ್ಗದಂಥ ಎಳೆಗಳು ಬೇಕು. ಆ ಎಳೆ ಕಟ್ಟೋ ಇಟ್ಟಿಗೆ ಬೀಟಾ-ಟ್ಯೂಬುಲಿನ್ ಅನ್ನೋ ಪ್ರೋಟೀನ್. ಕಾರ್ಬೆಂಡಜಿಮ್ ಅದಕ್ಕೆ ಅಂಟಿಕೊಂಡರೆ ಎಳೆ ಕಟ್ಟೋಕೆ ಆಗೋದಿಲ್ಲ.

ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್ ಮುಂತಾದ 'ಅಜೋಲ್'ಗಳು: ಶಿಲೀಂಧ್ರದ ಕಣದ ಪೊರೆಗೆ ಎರ್ಗೊಸ್ಟೆರಾಲ್ ಅನ್ನೋ ಕೊಬ್ಬು ಬೇಕು. ಅದನ್ನ ತಯಾರಿಸೋ ಒಂದು ಪ್ರೋಟೀನನ್ನ ಇವು ತಡೆಯುತ್ತವೆ.

ಅಜಾಕ್ಸಿಸ್ಟ್ರೋಬಿನ್, ಪೈರಾಕ್ಲೋಸ್ಟ್ರೋಬಿನ್ ಮುಂತಾದ 'ಸ್ಟ್ರೋಬಿನ್'ಗಳು: ಉಸಿರಾಟದಿಂದ ಶಕ್ತಿ ತೆಗೆಯೋ ಕೆಲಸದಲ್ಲಿರೋ ಸೈಟೋಕ್ರೋಮ್-ಬಿ ಅನ್ನೋ ಪ್ರೋಟೀನಿನ ಗುಳಿಗೆ ಕೂರುತ್ತವೆ.

ಈಗ ನೋಡಿ, ಔಷಧಿ ಸೋಲೋಕೆ ಎರಡು ದಾರಿ ಇದೆ. ಒಂದು, ಆ ರೋಗಾಣುವಿನಲ್ಲಿ ಕೀಲಿಗೆ ತಕ್ಕ ಬೀಗ ಮೊದಲಿಂದಲೂ ಇಲ್ಲ. ಇನ್ನೊಂದು, ಬೀಗ ಇತ್ತು, ಈಗ ಬದಲಾಗಿದೆ.

ಬೀಗವೇ ಇಲ್ಲದ ಕಡೆ ಕೀಲಿ ತಿರುಗಿಸೋದು

ನಮ್ಮ ಭಾಗದಲ್ಲಿ ಅತಿ ಹೆಚ್ಚು ದುಡ್ಡು ಹಾಳಾಗೋದು ಇಲ್ಲೇ.

ಕೊಳೆರೋಗ ತರೋದು ಫೈಟೋಫ್ತೊರಾ. ನೋಡೋಕೆ ಬೂಷ್ಟಿನ ಹಾಗೇ ಬಿಳಿ ಬೆಳವಣಿಗೆ ಇದ್ದರೂ ಇದು ನಿಜವಾದ ಶಿಲೀಂಧ್ರ ಅಲ್ಲ, ಬೇರೆಯೇ ವಂಶ. ಅಜೋಲ್‌ಗಳು ತಡೆಯೋ ಆ ಕೊಬ್ಬು ತಯಾರಿಕೆ ಇದರಲ್ಲಿ ಇಲ್ಲವೇ ಇಲ್ಲ. ಅಂದ ಮೇಲೆ ಕೊಳೆರೋಗಕ್ಕೆ ಹೆಕ್ಸಾಕೊನಜೋಲ್ ಹೊಡೆದರೆ ಏನಾಗುತ್ತೆ? ಔಷಧಿ ದುಡ್ಡು, ಕೊನೆಗಾರರ ಕೂಲಿ ಹೋಗುತ್ತೆ, ರೋಗ ಅಲ್ಲೇ ಇರುತ್ತೆ. ಕಾರ್ಬೆಂಡಜಿಮ್ ಕೂಡ ಈ ವಂಶದ ಮೇಲೆ ಕೆಲಸ ಮಾಡೋದಿಲ್ಲ. ಅದೇ ಅಡಿಕೆಯ ಎಲೆಚುಕ್ಕಿ ರೋಗ ನಿಜವಾದ ಶಿಲೀಂಧ್ರಗಳಿಂದ ಬರೋದು, ಅದಕ್ಕೆ ಅಜೋಲ್ ಕೆಲಸ ಮಾಡುತ್ತೆ. ಒಂದೇ ಮರ, ಎರಡು ರೋಗ, ಒಂದರ ಔಷಧಿ ಇನ್ನೊಂದಕ್ಕೆ ನೀರಿನ ಸಮ.

ಈರುಳ್ಳಿಯಲ್ಲೂ ಹೀಗೇ. ನೇರಳೆ ಮಚ್ಚೆ ರೋಗ ಆಲ್ಟರ್ನೇರಿಯಾ ಜಾತಿಯ ಶಿಲೀಂಧ್ರದಿಂದ ಬರುತ್ತೆ. ಈ ಜಾತಿ ಹುಟ್ಟಿನಿಂದಲೇ ಕಾರ್ಬೆಂಡಜಿಮ್‌ಗೆ ಬಗ್ಗೋದಿಲ್ಲ. 'ಸಾಫ್' ಹೊಡೆದಾಗ ಮಚ್ಚೆ ಸ್ವಲ್ಪ ಹಿಡಿತಕ್ಕೆ ಬಂತು ಅಂದರೆ ಅದು ಅದರೊಳಗಿನ ಮ್ಯಾಂಕೋಜೆಬ್‌ನ ಕೆಲಸ, ಕಾರ್ಬೆಂಡಜಿಮ್‌ನದಲ್ಲ. ಎಲೆ ಸುರುಳಿ ಸುತ್ತಿ ಕತ್ತು ಉದ್ದ ಆಗೋ ಟ್ವಿಸ್ಟರ್ ರೋಗದಲ್ಲಿ ಮುಖ್ಯ ಪಾತ್ರ ಕೊಲೆಟೋಟ್ರೈಕಮ್ ಶಿಲೀಂಧ್ರದ್ದು. ಅದರಲ್ಲಿ ಕಾರ್ಬೆಂಡಜಿಮ್‌ಗೆ ಬೀಗ ಇದೆ, ಆದರೆ ಅದು ಬದಲಾಗಬಲ್ಲ ಬೀಗ. ಹಾಗಾಗಿ "ಈರುಳ್ಳಿಗೆ ಯಾವ ಔಷಧಿ?" ಅಂತ ಕೇಳಬೇಡಿ. "ಈ ರೋಗಕ್ಕೆ ಯಾವ ಔಷಧಿ?" ಅಂತ ಕೇಳಿ.

ಒಂದು ಮರಳಿನ ಕಾಳು ಸಾಕು

ಈಗ ಎರಡನೇ ದಾರಿ. ಸ್ಟ್ರೋಬಿನ್ ಔಷಧಿಗಳು ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ಯುರೋಪಿನ ಗೋಧಿ ರೈತರು ಖುಷಿಯಿಂದ ಹೊಡೆದರು. 1998ರಲ್ಲೇ ಉತ್ತರ ಜರ್ಮನಿಯ ಗೋಧಿಯ ಬೂದಿರೋಗ ಇದಕ್ಕೆ ಬಗ್ಗೋದನ್ನ ನಿಲ್ಲಿಸಿತು. ಎರಡೇ ವರ್ಷ.

ವಿಜ್ಞಾನಿಗಳು ಆ ಶಿಲೀಂಧ್ರದ ಸೈಟೋಕ್ರೋಮ್-ಬಿ ಪ್ರೋಟೀನನ್ನ ಪರೀಕ್ಷಿಸಿದಾಗ ಸಿಕ್ಕಿದ್ದು ಒಂದೇ ಒಂದು ಬದಲಾವಣೆ. ಸರದಲ್ಲಿ 143ನೇ ಮಣಿ ಗ್ಲೈಸಿನ್ ಇರಬೇಕಾದ ಕಡೆ ಅಲನಿನ್ ಬಂದಿತ್ತು. ಗ್ಲೈಸಿನ್ ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದು. ಅಲನಿನ್ ಅದಕ್ಕಿಂತ ಒಂದು ಕಾರ್ಬನ್, ಎರಡು ಹೈಡ್ರೋಜನ್ ಮಾತ್ರ ದೊಡ್ಡದು. ಆ ಮೂರು ಪರಮಾಣುಗಳು ಗುಳಿಯೊಳಗೆ ಚಾಚಿಕೊಂಡಿದ್ದೇ ಸಾಕಾಯ್ತು. ಬೋಲ್ಟಿನ ತೂತಿನಲ್ಲಿ ಒಂದು ಮರಳಿನ ಕಾಳು ಕೂತ ಹಾಗೆ, ಔಷಧಿ ಒಳಗೆ ಹೋಗಿ ಕೂರೋಕೆ ಜಾಗ ಇಲ್ಲ. ಶಿಲೀಂಧ್ರದ ಉಸಿರಾಟ ಮಾತ್ರ ಆರಾಮಾಗಿ ನಡೆಯುತ್ತೆ.

ಕಾರ್ಬೆಂಡಜಿಮ್ ಗುಂಪಿನ ಕಥೆಯೂ ಅಷ್ಟೇ. ಆ ಗುಂಪಿನ ಬೆನೊಮಿಲ್ 1960ರ ದಶಕದ ಕೊನೆಯಲ್ಲಿ ಬಂತು, 1969ರಲ್ಲೇ ಅದಕ್ಕೆ ಬಗ್ಗದ ಬೂದಿರೋಗದ ವರದಿ ಅಮೆರಿಕದಿಂದ ಬಂತು. ಅಲ್ಲಿಂದ ಈಚೆಗೆ ಎಷ್ಟೋ ಶಿಲೀಂಧ್ರಗಳಲ್ಲಿ ಬೀಟಾ-ಟ್ಯೂಬುಲಿನ್‌ನ 198ನೇ ಅಥವಾ 200ನೇ ಮಣಿ ಬದಲಾಗಿರೋದು ಸಿಕ್ಕಿದೆ. ಕೊಳೆರೋಗದ ವಂಶಕ್ಕೇ ಅಂತ ಬಂದ ಮೆಟಲಾಕ್ಸಿಲ್ ಕೂಡ 1980ರಲ್ಲಿ ಐರ್ಲೆಂಡ್, ನೆದರ್ಲೆಂಡ್ಸ್‌ನ ಆಲೂಗಡ್ಡೆ ಅಂಗಮಾರಿಯ ಮುಂದೆ ಕೈಚೆಲ್ಲಿತು. ಆ ಪಾಠ ಕಲಿತ ಮೇಲೆಯೇ ಮೆಟಲಾಕ್ಸಿಲ್ ಜೊತೆ ಮ್ಯಾಂಕೋಜೆಬ್ ಸೇರಿಸಿ ಮಾರೋ ಪದ್ಧತಿ ಗಟ್ಟಿಯಾದದ್ದು. ನೀವು ಅಂಗಡಿಯಲ್ಲಿ ತಗೊಳ್ಳೋ ಪ್ಯಾಕೆಟ್ ಮೇಲೆ 'ಮ್ಯಾಂಕೋಜೆಬ್ 64%' ಅಂತ ಇರೋದರ ಹಿಂದಿನ ಕಾರಣ ಇದು.

ಒಂದು ವಿಷಯ ಗಮನಿಸಿ. ಔಷಧಿ ಹೊಡೆದಿದ್ದರಿಂದ ಶಿಲೀಂಧ್ರ 'ಕಲಿತುಕೊಂಡು' ಬದಲಾಗೋದಿಲ್ಲ. ಒಂದು ಹೊಲದಲ್ಲಿ ಲೆಕ್ಕ ಇಲ್ಲದಷ್ಟು ಬೀಜಕಣಗಳು ಹುಟ್ಟುತ್ತವೆ. ಅದರಲ್ಲಿ ಎಲ್ಲೋ ಒಂದೆರಡರಲ್ಲಿ ಆ ಬದಲಾವಣೆ ಆಕಸ್ಮಿಕವಾಗಿ ಮೊದಲೇ ಇರುತ್ತೆ. ಅದೇ ಔಷಧಿಯನ್ನ ಮತ್ತೆ ಮತ್ತೆ ಹೊಡೆದಾಗ ಉಳಿದದ್ದೆಲ್ಲ ಸತ್ತು, ಆ ಒಂದೆರಡು ಉಳಿದು, ಪೈಪೋಟಿ ಇಲ್ಲದೆ ಹೊಲ ತುಂಬಿಕೊಳ್ಳುತ್ತವೆ. ನಾವು ಕಳೆ ಕಿತ್ತು ರಾಗಿ ಉಳಿಸಿದ ಹಾಗೆ, ಇಲ್ಲಿ ಔಷಧಿಗೆ ಬಗ್ಗದ ರೋಗವನ್ನೇ ಆರಿಸಿ ಬೆಳೆಸಿದ ಹಾಗಾಯ್ತು.

ನೂರು ವರ್ಷ ದಾಟಿದರೂ ಸೋಲದ ಮೈಲುತುತ್ತ

ಹಾಗಾದರೆ ಬೋರ್ಡೋ ದ್ರಾವಣ ಯಾಕೆ ಇನ್ನೂ ಕೆಲಸ ಮಾಡ್ತಿದೆ?

ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಬಳಕೆಗೆ ಬಂದ ಔಷಧಿ ಇದು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಅಡಿಕೆ ಕೊಳೆರೋಗವನ್ನ ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದರು, ಬೋರ್ಡೋ ಸಿಂಪಡಣೆಯನ್ನ ಜನರ ಬಳಕೆಗೆ ತಂದರು. ಆಗ ನಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಅದಕ್ಕೂ ಮುಂಚೆ ಮಲೆನಾಡಿನವರು ಗೊನೆಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆ ತಡೀತಿದ್ದರು. 'ಕೊಳೆರೋಗ' ಅನ್ನೋ ನಮ್ಮ ಮಾತು ಇಂಗ್ಲಿಷ್ ಪುಸ್ತಕಗಳಿಗೂ ಹಾಗೆಯೇ ಹೋಯ್ತು.

ನೂರಕ್ಕೂ ಹೆಚ್ಚು ವರ್ಷ ಒಂದೇ ಔಷಧಿ ಹೊಡೆದರೂ ಕೊಳೆರೋಗ ಅದನ್ನ ದಾಟಿಲ್ಲ. ಕಾರಣ ಇಷ್ಟೇ: ತಾಮ್ರ ಒಂದು ಬೀಗದ ಕೀಲಿ ಅಲ್ಲ. ಬೀಜಕಣದ ಒಳಗೆ ಹೋದ ತಾಮ್ರ ಸಿಕ್ಕ ಸಿಕ್ಕ ಪ್ರೋಟೀನುಗಳಿಗೆಲ್ಲ ಅಂಟಿಕೊಂಡು ಅವುಗಳ ಆಕಾರ ಕೆಡಿಸುತ್ತೆ. ಒಂದು ಪ್ರೋಟೀನಿನಲ್ಲಿ ಒಂದು ಮಣಿ ಬದಲಾದರೆ ಉಪಯೋಗ ಇಲ್ಲ, ನೂರಾರು ಕಡೆ ಒಟ್ಟಿಗೆ ಬದಲಾಗಬೇಕು. ಅದು ಅಷ್ಟು ಸುಲಭ ಅಲ್ಲ. ಗಂಧಕ, ಮ್ಯಾಂಕೋಜೆಬ್ ಕೂಡ ಇದೇ ರೀತಿ ಹಲವು ಕಡೆ ಹೊಡೆಯುವಂಥವು.

ಆದರೆ ಇವುಗಳಿಗೂ ಮಿತಿ ಇದೆ. ಇವು ಗಿಡದ ಒಳಗೆ ಇಳಿಯೋದಿಲ್ಲ, ಮೇಲೆ ಪದರದ ಹಾಗೆ ಕೂತು ಕಾಯುತ್ತವೆ. ಹಾಗಾಗಿ ರೋಗ ಬರೋ ಮುಂಚೆ, ಮಳೆ ಹಿಡಿಯೋ ಮುಂಚೆ ಹೊಡೀಬೇಕು. ಅಡಿಕೆಗೆ ಮುಂಗಾರಿಗೆ ಮುಂಚೆ ಒಮ್ಮೆ, 40-45 ದಿನಕ್ಕೆ ಇನ್ನೊಮ್ಮೆ ಅನ್ನೋ ಲೆಕ್ಕ ಇದಕ್ಕೇ. ನಾನು ಸಾವಯವದಲ್ಲಿ ಬೆಳೆಯೋನು, ತಾಮ್ರಕ್ಕೆ ನಮ್ಮಲ್ಲೂ ಅವಕಾಶ ಇದೆ, ಆದರೆ ಮಿತಿ ಹಾಕಿದ್ದಾರೆ. ಯಾಕಂದರೆ ತಾಮ್ರ ಮಣ್ಣಿನಲ್ಲಿ ಕರಗಿ ಹೋಗೋದಿಲ್ಲ, ವರ್ಷದಿಂದ ವರ್ಷಕ್ಕೆ ಕೂಡ್ತಾ ಹೋಗುತ್ತೆ, ಎರೆಹುಳಕ್ಕೆ ಒಳ್ಳೇದಲ್ಲ. ಬೇಕಾದಷ್ಟು ಮಾತ್ರ ಹೊಡೀರಿ.

ಹೊಲದಿಂದ ಆಸ್ಪತ್ರೆಗೆ

ಇದು ಬರೀ ನಮ್ಮ ಜೇಬಿನ ಪ್ರಶ್ನೆ ಅಲ್ಲ. ಆಸ್ಪರ್ಜಿಲಸ್ ಅಂತ ಒಂದು ಬೂಷ್ಟು ಇದೆ. ಗೊಬ್ಬರದ ಗುಂಡಿ, ಕೊಳೆತ ಹುಲ್ಲು, ಮಣ್ಣು, ಎಲ್ಲಾ ಕಡೆ ಇರುತ್ತೆ. ಆದರೆ ರೋಗನಿರೋಧಕ ಶಕ್ತಿ ಕುಗ್ಗಿದವರ, ಶ್ವಾಸಕೋಶ ದುರ್ಬಲ ಇರೋರ ಎದೆಯೊಳಗೆ ಸೇರಿದರೆ ಪ್ರಾಣಕ್ಕೇ ಅಪಾಯ. ಅದಕ್ಕೆ ಡಾಕ್ಟರು ಕೊಡೋ ಮುಖ್ಯ ಔಷಧಿ ಇಟ್ರಾಕೊನಜೋಲ್, ವೊರಿಕೊನಜೋಲ್. ಹೆಸರಿನ ಕೊನೆ ನೋಡಿ, ಅದೂ ಅಜೋಲ್. ಹೊಲಕ್ಕೆ ಹೊಡೆಯೋ ಅಜೋಲ್ ಕೂರೋ ಪ್ರೋಟೀನಿನಲ್ಲೇ ಅದೂ ಕೂರೋದು.

ಆ ಪ್ರೋಟೀನಿನ 98ನೇ ಮಣಿ ಬದಲಾಗಿ, ಜೊತೆಗೆ ಆ ಪ್ರೋಟೀನೇ ಜಾಸ್ತಿ ತಯಾರಾಗುವಂತೆ ಆದ ಆಸ್ಪರ್ಜಿಲಸ್ ಮೊದಲು ನೆದರ್ಲೆಂಡ್ಸ್‌ನಲ್ಲಿ ಗಮನಕ್ಕೆ ಬಂತು. ಭಾರತದಲ್ಲೂ ಸಿಕ್ಕಿದೆ ಅಂತ 2012ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು ವರದಿ ಮಾಡಿದರು. ಅಜೋಲ್ ಮಾತ್ರೆಯನ್ನ ಯಾವತ್ತೂ ತಗೊಳ್ಳದ ರೋಗಿಗಳಲ್ಲೂ ಇಂಥದ್ದು ಕಂಡಿದೆ. ಅಂದರೆ ಅದು ಬಂದಿರೋದು ಹೊರಗಿನ ವಾತಾವರಣದಿಂದ, ಅಲ್ಲಿ ಹೊಡೆಯೋ ಅಜೋಲ್‌ಗಳ ಒತ್ತಡದಿಂದ ಅನ್ನೋದು ವಿಜ್ಞಾನಿಗಳ ವಾದ. ಬೇಡದ ಕಡೆ ಅಜೋಲ್ ಹೊಡೆಯೋದು ನಿಲ್ಲಿಸೋಕೆ ಇದೂ ಒಂದು ಕಾರಣ.

ಇನ್ನು ಮುಂದೆ ಏನು ಮಾಡಬೇಕು?

1. ಮೊದಲು ರೋಗ ಯಾವುದು ಗೊತ್ತು ಮಾಡಿಕೊಳ್ಳಿ. ಎಲೆಯ ಎರಡೂ ಬದಿ, ಇಡೀ ಗಿಡ, ಹೊಲದ ಒಟ್ಟು ನೋಟ, ಮೂರೂ ಫೋಟೋ ಬೇಕು. ತರೀಕೆರೆ ಹತ್ತಿರದ ಬಾವಿಕೆರೆ ಸಂಶೋಧನಾ ಕೇಂದ್ರ, ಮೂಡಿಗೆರೆ ಕೃಷಿ ವಿಜ್ಞಾನ ಕೇಂದ್ರ, ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ತೋರಿಸಿ. ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡಬಹುದು.

2. ಬ್ರ್ಯಾಂಡ್ ಹೆಸರು ಬಿಡಿ, ಸಣ್ಣ ಅಕ್ಷರದ ತಾಂತ್ರಿಕ ಹೆಸರು ಓದಿ. ಶಿಲೀಂಧ್ರನಾಶಕಗಳಿಗೆ ಅವು ಹೊಡೆಯೋ ಜಾಗದ ಪ್ರಕಾರ ಅಂತರರಾಷ್ಟ್ರೀಯ ಗುಂಪು ಸಂಖ್ಯೆ ಇದೆ, 'ಫ್ರಾಕ್ ಕೋಡ್' ಅಂತಾರೆ. ಈ ಪಟ್ಟಿಯನ್ನ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ:

- ಗುಂಪು 1: ಕಾರ್ಬೆಂಡಜಿಮ್, ಥಯೋಫನೇಟ್ ಮೀಥೈಲ್
- ಗುಂಪು 3: ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್, ಡೈಫೆನೊಕೊನಜೋಲ್
- ಗುಂಪು 4: ಮೆಟಲಾಕ್ಸಿಲ್
- ಗುಂಪು 11: ಅಜಾಕ್ಸಿಸ್ಟ್ರೋಬಿನ್, ಪೈರಾಕ್ಲೋಸ್ಟ್ರೋಬಿನ್, ಟ್ರೈಫ್ಲಾಕ್ಸಿಸ್ಟ್ರೋಬಿನ್
- ಗುಂಪು 40: ಡೈಮೆಥೊಮಾರ್ಫ್, ಮ್ಯಾಂಡಿಪ್ರೊಪಮಿಡ್
- ಗುಂಪು ಎಂ (ಹಲವು ಕಡೆ ಹೊಡೆಯೋದು): ಬೋರ್ಡೋ ಮತ್ತು ಕಾಪರ್ ಆಕ್ಸಿಕ್ಲೋರೈಡ್, ಗಂಧಕ, ಮ್ಯಾಂಕೋಜೆಬ್

ಗುಂಪು 1, 3 ಕೊಳೆರೋಗಕ್ಕೆ ಬೇಡ. ಗುಂಪು 4, 40 ಕೊಳೆರೋಗದ ವಂಶಕ್ಕೆ ಮಾತ್ರ, ಎಲೆಚುಕ್ಕಿಗೆ ಬೇಡ.

3. ಒಂದೇ ಸಂಖ್ಯೆಯನ್ನ ಸತತ ಎರಡು ಸಲ ಹೊಡೀಬೇಡಿ. ಹೆಕ್ಸಾಕೊನಜೋಲ್ ಬಿಟ್ಟು ಟೆಬುಕೊನಜೋಲ್ ತಗೊಂಡರೆ ಔಷಧಿ ಬದಲಾಯಿಸಿದ ಹಾಗಲ್ಲ. ಕಂಪನಿ ಬೇರೆ, ಬಾಟಲಿ ಬೇರೆ, ಬೀಗ ಅದೇ. ನಡುವೆ ಗುಂಪು ಎಂ ಔಷಧಿ ಹಾಕಿ ಅಥವಾ ಅದರ ಜೊತೆಗೇ ಬರೋ ಮಿಶ್ರಣ ತಗೊಳ್ಳಿ.

4. ಡೋಸ್ ಲೇಬಲ್‌ನಲ್ಲಿ ಇದ್ದಷ್ಟೇ. ಕಡಿಮೆ ಹಾಕಿದರೆ ಅರ್ಧಂಬರ್ಧ ಬಗ್ಗದವು ಬದುಕಿ ಉಳಿಯುತ್ತವೆ. ಬೀಗವೇ ಇಲ್ಲದ ಕಡೆ ಎರಡರಷ್ಟು ಹಾಕಿದರೂ ಅಷ್ಟೇ. ನಿಮ್ಮ ಬೆಳೆಯ ಹೆಸರು ಲೇಬಲ್‌ನಲ್ಲಿ ಇದೆಯಾ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನೋದನ್ನೂ ನೋಡಿ.

5. ಕೆಲಸ ಮಾಡಲಿಲ್ಲ ಅಂದ ತಕ್ಷಣ ಶಿಲೀಂಧ್ರ ಬದಲಾಗಿದೆ ಅಂದುಕೊಳ್ಳಬೇಡಿ. ಹೊಡೆದ ಮೇಲೆ ಮಳೆ ಬಂತಾ? ನಾಜಲ್ ಸವೆದಿದೆಯಾ? ಈರುಳ್ಳಿ ಎಲೆ ಮೇಣದ ಹಾಗೆ ನುಣುಪು, ಅಂಟು ಬೆರೆಸಿದ್ರಾ? ರೋಗ ತುಂಬಾ ಮುಂದುವರಿದ ಮೇಲೆ ಹೊಡೆದ್ರಾ? ಇವೆಲ್ಲ ಸರಿ ಇದ್ದು, ಅಕ್ಕಪಕ್ಕದ ಹೊಲದಲ್ಲೂ ಅದೇ ಗುಂಪಿನ ಔಷಧಿ ಸೋತಿದ್ದರೆ ಮಾತ್ರ ಆ ಅನುಮಾನ.

6. ಕೀಲಿ-ಬೀಗದ ಆಚೆಗಿನ ಕೆಲಸವೇ ಹೆಚ್ಚು ಬಾಳಿಕೆ ಬರೋದು. ಬಸಿಗಾಲುವೆ ಬಿಡಿಸಿ, ಬಿದ್ದ ಕೊಳೆ ಅಡಿಕೆ ಆರಿಸಿ ಸುಡಿ, ಈರುಳ್ಳಿ ಹಿಂದೆ ಈರುಳ್ಳಿ ಹಾಕಬೇಡಿ, ನಡುವೆ ರಾಗಿ, ಜೋಳ ಬರಲಿ. ಗಡ್ಡೆ ಕೊಳೆಗೆ ಟ್ರೈಕೊಡರ್ಮಾ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಕೊಡಿ. ಅದು ರೋಗದ ಶಿಲೀಂಧ್ರದ ಗೋಡೆಯನ್ನೇ ಕತ್ತರಿಸೋ ಪ್ರೋಟೀನುಗಳನ್ನ ಬಿಡುತ್ತೆ, ಜಾಗಕ್ಕೆ, ಆಹಾರಕ್ಕೆ ಪೈಪೋಟಿಯನ್ನೂ ಕೊಡುತ್ತೆ. ಆದರೆ ನೆನಪಿಡಿ, ಟ್ರೈಕೊಡರ್ಮಾ ಕೂಡ ಶಿಲೀಂಧ್ರವೇ, ಕಾರ್ಬೆಂಡಜಿಮ್‌ನ ಬೀಗ ಅದರಲ್ಲೂ ಇದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಸಾಯೋದು ನಿಮ್ಮ ಟ್ರೈಕೊಡರ್ಮಾ.

ಆಸಕ್ತಿ ಇದ್ದವರಿಗೆ ಇನ್ನೊಂದು ಮಾತು. ಅಮೈನೋ ಆಮ್ಲದ ಸಾಲು ಕೊಟ್ಟರೆ ಪ್ರೋಟೀನಿನ ಆಕಾರವನ್ನ ಊಹಿಸೋ ಆಲ್ಫಾಫೋಲ್ಡ್ ಅನ್ನೋ ಕಂಪ್ಯೂಟರ್ ವ್ಯವಸ್ಥೆಗೆ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅದರ 20 ಕೋಟಿಗೂ ಹೆಚ್ಚು ಆಕಾರಗಳು ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. 'ಆಲ್ಫಾಫೋಲ್ಡ್ ಡೇಟಾಬೇಸ್'ನಲ್ಲಿ ಬೀಟಾ-ಟ್ಯೂಬುಲಿನ್ ಅಂತ ಇಂಗ್ಲಿಷ್‌ನಲ್ಲಿ ಹುಡುಕಿ, ಬೆರಳಲ್ಲಿ ತಿರುಗಿಸಿ ನೋಡಿ. ಕಾರ್ಬೆಂಡಜಿಮ್ ಹೋಗಿ ಕೂರೋದು ಅಂಥ ಒಂದು ಗಂಟಿನ ಮೇಲೆ.

ಮುಂದಿನ ಸಲ ಔಷಧಿ ತರುವಾಗ ಈ ವರ್ಷ ಈಗಾಗಲೇ ಹೊಡೆದ ಖಾಲಿ ಬಾಟಲಿ, ಪ್ಯಾಕೆಟ್‌ಗಳ ಫೋಟೋ ತೆಗೆದುಕೊಂಡು ಹೋಗಿ. ಗುಂಪು ಸಂಖ್ಯೆ ಬರೆದುಕೊಳ್ಳಿ. ಮೂರೂ ಒಂದೇ ಸಂಖ್ಯೆ ಬಂದರೆ ನಾಲ್ಕನೆಯದನ್ನ ಅದೇ ಗುಂಪಿನಲ್ಲಿ ಕೊಳ್ಳಬೇಡಿ.